ನಿಮಗಿದು ಗೊತ್ತೇ? ಅರಬಿ ಕಾಲೇಜಿನ ಹೊಸ ಹುಡುಗ

ದಾವಣಗೆರೆಯ ವಿದ್ಯಾನಗರದ ಪಿಜಿಗಳು ತುಂಬುವುದು ಜೂನ್, ಜುಲೈನಲ್ಲಿ. ಆದರೆ ಅರಬಿ ಕಾಲೇಜಿಗೆ, ಅಂದರೆ ಮದರಸಾಕ್ಕೆ, ಹೊರಟ ದಾವಣಗೆರೆ, ಹರಿಹರದ ಹುಡುಗರು ಟ್ರಂಕು ಕಟ್ಟುವುದು ರಂಜಾನ್ ಹಬ್ಬ ಮುಗಿದ ಮೇಲೆ, ಶವ್ವಾಲ್ ತಿಂಗಳಲ್ಲಿ. ಚಂದ್ರನ ಲೆಕ್ಕವಾದ್ದರಿಂದ ಶವ್ವಾಲ್ ಪ್ರತಿವರ್ಷ ಸುಮಾರು 11 ದಿನ ಮುಂಚೆಯೇ ಬರುತ್ತದೆ. 2025ರಲ್ಲಿ ಏಪ್ರಿಲ್, 2030ಕ್ಕೆ ಫೆಬ್ರುವರಿ! ಎಸ್ಸೆಸ್ಸೆಲ್ಸಿ ಮುಗಿಸಿಯೇ ಹೋಗುತ್ತೇನೆ ಎನ್ನುವವನಿಗೆ ಆಗ ಪೀಕಲಾಟ.

ಬೆಂಗಳೂರಿನ 'ಅರೇಬಿಕ್ ಕಾಲೇಜ್' ಬಸ್‌ಸ್ಟಾಪಿಗೆ ಆ ಹೆಸರು ಬಂದದ್ದು 1960ರಲ್ಲಿ ಶುರುವಾದ ದಾರುಲ್ ಉಲೂಮ್ ಸಬೀಲುರ್ರಶಾದ್ ಎಂಬ ಇಂಥದೇ ಕಾಲೇಜಿನಿಂದ.

ಇಂಥ ಕಾಲೇಜುಗಳಲ್ಲಿ ಬಹುತೇಕ ಕಡೆ ವಾರದ ರಜೆ ಶುಕ್ರವಾರ. ಭಾನುವಾರ ಪಾಠ! ಮೊದಲ ತಿಂಗಳು ಹುಡುಗನಿಗೆ ವಾರದ ಲೆಕ್ಕವೇ ತಪ್ಪಿಹೋಗುತ್ತದೆ.

ದಿನ ಆರಂಭವಾಗುವುದು ಬೆಳಗಾಗುವ ಮೊದಲಿನ ಫಜ್ರ್ ನಮಾಜಿಗೆ. ಸೂರ್ಯನ ಜೊತೆ ನಮಾಜಿನ ಹೊತ್ತೂ ಸರಿಯುವುದರಿಂದ ಏಳುವ ಹೊತ್ತು ವರ್ಷವಿಡೀ ಒಂದೇ ಇರದು. ಮಧ್ಯಾಹ್ನದ ಸಣ್ಣ ನಿದ್ದೆ (ಕೈಲೂಲಾ) ಮಾತ್ರ ಪ್ರವಾದಿಗಳ ಸುನ್ನತ್, ಅಂದರೆ ಅವರ ರೂಢಿ. ಸೋಮಾರಿ ಎಂದು ಯಾರೂ ಬೈಯುವಂತಿಲ್ಲ. ಸಂಜೆಯ ಅಸರ್ ನಮಾಜ್ ಆದ ಮೇಲೆ ಆಟ.

ಹಿಫ್ಜ್‌ಗೆ, ಅಂದರೆ ಕುರ್‌ಆನ್ ಕಂಠಪಾಠಕ್ಕೆ, ಸೇರಿದವನಿಗೆ ಹೊಸ ಪಾಠಕ್ಕಿಂತ ಹಳೆಯದೇ ಭಾರ. ದಿನದ 'ಸಬಕ್' ಒಪ್ಪಿಸಿದರೆ ಸಾಲದು. 'ಆಮೂಖ್ತಾ', ಅಂದರೆ ಹಿಂದೆ ಕಲಿತದ್ದನ್ನೂ ಉಸ್ತಾದರಿಗೆ ಒಪ್ಪಿಸಬೇಕು. 30 ಪಾರಾ (ಭಾಗ), 114 ಸೂರಾ (ಅಧ್ಯಾಯ). ಮರೆತರೆ ಮತ್ತೆ ಹಿಂದಕ್ಕೆ.

ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ಕನ್ನಡ. ಕ್ಲಾಸಿನಲ್ಲಿ ಕಿತಾಬಿನ ಉರ್ದು, ಅದರ ಮೇಲೆ ಅರಬಿ ವ್ಯಾಕರಣ. 1962ರಲ್ಲಿ ಸ್ಥಾಪನೆಯಾದ ಭಟ್ಕಳದ ಜಾಮಿಯಾ ಇಸ್ಲಾಮಿಯಾಕ್ಕೆ ಹೋದರಂತೂ ಸುತ್ತಲಿನ ಓಣಿಗಳಲ್ಲಿ ನವಾಯತಿ ಭಾಷೆ ಕೂಡ ಕಿವಿಗೆ ಬೀಳುತ್ತದೆ. ನನ್ನ ಕೇಳಿದರೆ, ಹೊಸಬರನ್ನು ಕಾಡುವುದು ಧರ್ಮಕ್ಕಿಂತ ಹೆಚ್ಚಾಗಿ ಈ ಭಾಷೆಗಳೇ. ಆಮೇಲೆ ಊಟ: ನೆಲದ ಮೇಲೆ ಊಟದ ಹಾಸು ದಸ್ತರ್‌ಖಾನ್, ಸಾಲಾಗಿ ಕೂತ ಗೆಳೆಯರು, ಎಲ್ಲವೂ ಸರಿ, ಊರಿನ ಮಂಡಕ್ಕಿ–ಮಿರ್ಚಿಯ ನೆನಪು ಮಾತ್ರ ಯಾವ ಕಿತಾಬಿಗೂ ಜಗ್ಗುವುದಿಲ್ಲ.

ಈ ಹಾಸ್ಟೆಲ್ ಬದುಕು ನಮ್ಮ ನಾಡಿಗೆ ಹೊಸದಲ್ಲ. ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಮೂರು ಅಂತಸ್ತಿನದು. ವಿದ್ಯಾರ್ಥಿಗಳಿಗೆ 36 ಕೋಣೆ, ಜೊತೆಗೆ ಸುಮಾರು 3,000 ಹಸ್ತಪ್ರತಿಗಳ ಗ್ರಂಥಾಲಯ. ದೂರದೇಶದ ವಿದ್ವಾಂಸರೂ ಬಂದು ಪಾಠ ಹೇಳುತ್ತಿದ್ದರು. 1696ರ ಸ್ಫೋಟ ಒಂದು ಭಾಗವನ್ನು ಉರುಳಿಸಿತು. ಉಳಿದ ಮಿನಾರಿನ ನೀಲಿ ಹೆಂಚಿನ ಚಿತ್ತಾರ ಇಂದಿಗೂ ಕಾಣುತ್ತದೆ.

ಅದೇ ಬೀದರಿನಲ್ಲಿ ಈಗ ಮದರಸಾದಿಂದ ಶಾಲೆಯತ್ತ ಉಲ್ಟಾ ಪಯಣ! ಅಬ್ದುಲ್ ಖದೀರ್ ಅವರು 1989ರಲ್ಲಿ ಆರಂಭಿಸಿದ ಶಾಹೀನ್ ಸಂಸ್ಥೆ, ಶಾಲೆಯ ಮೆಟ್ಟಿಲು ಹತ್ತದ ಹಾಫಿಜ್ (ಕುರ್‌ಆನ್ ಕಂಠಪಾಠ ಮಾಡಿದ) ಹುಡುಗರಿಗೆ ಗಣಿತ, ವಿಜ್ಞಾನ ಕಲಿಸುತ್ತದೆ. ಅವರಲ್ಲಿ ಕೆಲವರು ನೀಟ್ ಬರೆದು ಎಂಬಿಬಿಎಸ್ ಸೀಟು ಪಡೆದಿದ್ದಾರೆ.