ಪರವೂರಿನ ಮಕ್ಕಳೂ ನಾಟಕದಾಟವೂ

ಹಳ್ಳಿಯನ್ನು ಬಿಟ್ಟು ಪಟ್ಟಣವನ್ನು ಸೇರಿದ ಸಂಸಾರದಲ್ಲಿ ಹಿರಿಯರಿಗೆ ಕೆಲಸವಾದರೂ ಉಂಟು. ಮಗುವಿಗೆ ಅದೂ ಇಲ್ಲ. ಓರಗೆಯವರ ಮಾತು ಅದಕ್ಕೆ ತಿಳಿಯದು. ಅದು ಮಾತನಾಡಿದರೆ ಅವರು ನಗುವರು. ಬರಬರುತ್ತ ಅದು ಬಾಯಿ ತೆರೆಯುವುದನ್ನೇ ಬಿಡುವುದು. ಇಂತಹ ಮಕ್ಕಳ ನಾಲಗೆಯ ಗಂಟನ್ನು ನಾಟಕದಿಂದ ಬಿಡಿಸಿದ ಒಂದು ಪ್ರಯತ್ನವನ್ನು ವಾಚಕರಿಗೆ ಇಲ್ಲಿ ಅರಿಕೆಮಾಡುವೆವು.

ಅಮೆರಿಕಾದ ಷಿಕಾಗೋ ನಗರಕ್ಕೆ ಇಟಲಿ, ಗ್ರೀಸ್, ರಷ್ಯಾ ಮುಂತಾದ ದೇಶಗಳಿಂದ ಬಡವರು ತಂಡತಂಡವಾಗಿ ಬಂದು ನೆಲಸುತ್ತಿದ್ದ ಕಾಲದಲ್ಲಿ, 1889ರಲ್ಲಿ, ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಎಂಬ ಮಹಿಳೆಯರು ಅವರ ನೆರವಿಗಾಗಿ ಹಲ್ ಹೌಸ್ ಎಂಬ ಸೇವಾಮಂದಿರವನ್ನು ತೆರೆದರು. ಮುಂದೆ ಅಲ್ಲಿ ನೀವಾ ಬಾಯ್ಡ್ ಎಂಬವರು ಆಟ, ಕುಣಿತ, ಕಥೆಗಳಿಂದ ಮಕ್ಕಳನ್ನು ಒಂದುಗೂಡಿಸುವ ವಿದ್ಯೆಯನ್ನು ಕಲಿಸುತ್ತಿದ್ದರು. 1924ರಿಂದ ಮೂರು ವರ್ಷ ಅವರಲ್ಲಿ ಕಲಿತ ವಯೋಲಾ ಸ್ಪೋಲಿನ್ (1906–1994) ವಲಸೆ ಬಂದ ಯೆಹೂದಿ ದಂಪತಿಗಳ ಮಗಳು. 1930ರ ದಶಕದ ಕೊನೆಯಲ್ಲಿ ಸರ್ಕಾರದ ವಿನೋದಕಾರ್ಯ ಯೋಜನೆಯೊಂದರಲ್ಲಿ ಆಕೆ ನಾಟಕದ ಮೇಲ್ವಿಚಾರಕಿಯಾದರು. ನಾನಾ ಭಾಷೆಯ ಮಕ್ಕಳಿಗೆ ಬರೆದ ಮಾತನ್ನು ಬಾಯಿಪಾಠ ಮಾಡಿಸಿ ಫಲವೇನು? ಆಕೆ ಪಾಠದ ಬದಲು ಆಟವನ್ನೇ ಹಿಡಿದರು.

ಹಗ್ಗವಿಲ್ಲದ ಹಗ್ಗಜಗ್ಗಾಟವನ್ನು ನೋಡಿರಿ. ಎರಡು ಪಕ್ಷಗಳೂ ಇಲ್ಲದ ಹಗ್ಗವನ್ನು ಇದೆಯೆಂದೇ ಹಿಡಿದು ಎಳೆಯಬೇಕು. ಈಚೆಯವರು ಜಗ್ಗಿದರೆ ಆಚೆಯವರು ಮುಗ್ಗರಿಸಬೇಕು. ಎದುರಾಳಿಯನ್ನು ಕಣ್ಣಿಟ್ಟು ನೋಡದೆ ಇದು ಸಾಗದು. ಕನ್ನಡಿಯ ಆಟದಲ್ಲಿ ಒಬ್ಬನು ಕೈಯೆತ್ತಿದಂತೆ ಎದುರಿಗಿರುವವನೂ ಎತ್ತಬೇಕು. ಇನ್ನೊಂದರಲ್ಲಿ ಅರ್ಥವಿಲ್ಲದ ಸದ್ದುಗಳಿಂದಲೇ ಸಂಭಾಷಣೆ. ನಮಗೆ ಅತ್ಯಂತ ಜಾಣತನದ್ದೆಂದು ತೋರಿದುದು ಇದೇ. ಎಲ್ಲರೂ ಗೊಳಗೊಳ ನುಡಿಯುವಾಗ ಭಾಷೆ ಬಲ್ಲವನಾರು, ಬಾರದವನಾರು? ‘ಭೇಷ್’ ಎಂದು ಹೊಗಳುವುದನ್ನೂ ಸ್ಪೋಲಿನ್ ಒಪ್ಪುತ್ತಿರಲಿಲ್ಲ. ಹೊಗಳಿಕೆಯ ಹಂಬಲವೂ ಬೈಗಳ ಭಯದಂತೆಯೇ ಮಗುವನ್ನು ಕಟ್ಟಿಹಾಕುವುದೆಂಬುದು ಆಕೆಯ ಮತ. ಇದು ನಮ್ಮ ಅನೇಕ ಉಪಾಧ್ಯಾಯರಿಗೆ ರುಚಿಸಲಾರದು!

ಈ ಆಟಗಳನ್ನು ಆಕೆ 1963ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಇಂದು ನಾಟಕಚಿಕಿತ್ಸಕರೂ ಇಂತಹವನ್ನು ಬಳಸುವರು. ಭಾರೀ ಆಘಾತವನ್ನು ಕಂಡ ಮಗುವಿಗೆ ತಿಳಿದವರ ಚಿಕಿತ್ಸೆಯೇ ಬೇಕು; ಬರಿಯ ಆಟದಿಂದ ಎಲ್ಲವೂ ವಾಸಿಯಾಗುವುದೆಂದು ನಾವು ಹೇಳೆವು.

ರಾಯಚೂರು, ಯಾದಗಿರಿಗಳ ಕಡೆಯಿಂದ ಬೆಂಗಳೂರಿಗೆ ಗಾರೆಕೆಲಸಕ್ಕೆ ಬಂದವರ ಮಕ್ಕಳು ತಗಡಿನ ಶೆಡ್ಡುಗಳಲ್ಲಿರುವುದನ್ನು ಅನೇಕ ವಾಚಕರು ಕಂಡಿರಬಹುದು. ಅವರ ಮಾತು ಕನ್ನಡವೇ. ಆದರೂ ಶಾಲೆಯಲ್ಲಿ ನಗೆಗೀಡಾಗುವುದುಂಟು. ನೆರೆಯ ತಾಯಂದಿರು ಸಂಜೆ ಅರ್ಧ ಗಂಟೆ ತಮ್ಮ ಮಕ್ಕಳನ್ನೂ ಇವರನ್ನೂ ಕೂಡಿಸಬಹುದು. ಪರದೆ ಬೇಡ, ವೇಷ ಬೇಡ, ಕಾಸು ಬೇಡ. ಮೊದಲು ಕನ್ನಡಿಯಾಟ, ಮಾತಿನ ಆಟ ಒಂದು ವಾರ ಕಳೆದ ಮೇಲಾಗಲಿ. ಮೂಲೆಯಲ್ಲಿ ನಿಂತು ನೋಡುವ ಮಗುವನ್ನು ಕೈಹಿಡಿದು ಎಳೆಯಬಾರದು. ನೋಡುವವರೂ ಈ ಆಟದಲ್ಲಿ ಸೇರಿದವರೇ.