ಕೋನಿ ಐಲೆಂಡ್: ಚಂದ್ರಯಾನ ಹಳತಾಯಿತು, ಸೈಕ್ಲೋನ್ ಉಳಿಯಿತು

ಬ್ರೂಕ್ಲಿನ್‌ನ ದಕ್ಷಿಣ ತುದಿ ಹತ್ತಿರವಾಗುತ್ತಿದ್ದಂತೆ ನ್ಯೂಯಾರ್ಕ್‌ನ ಸಬ್‌ವೇ ರೈಲು ನೆಲದೊಳಗಿಂದ ಎದ್ದುಬಂದು ಕಂಬಗಳ ಮೇಲೆ ಓಡತೊಡಗುತ್ತದೆ. ಕೊನೆಯ ನಿಲ್ದಾಣ ಇನ್ನೇನು ಬಂತು ಎನ್ನುವಾಗ ಎಡಗಡೆಯ ಕಿಟಕಿಗೆ ಕಣ್ಣಿಟ್ಟರೆ ಬಿಳಿ ಬಣ್ಣ ಬಳಿದ ದೊಡ್ಡದೊಂದು ಹಂದರ, ಅದರ ಪಕ್ಕ ನಿಧಾನವಾಗಿ ತಿರುಗುವ ರಾಟೆ, ಇನ್ನೂ ಆಚೆ ಅಣಬೆಯ ಹಾಗೆ ತಲೆ ಅಗಲವಾದ ಕೆಂಪು ಗೋಪುರ ಕಾಣುತ್ತವೆ. ಮೂರರಲ್ಲಿ ಎರಡು ಇನ್ನೂ ಜನರನ್ನು ಹೊತ್ತು ಓಡಾಡಿಸುತ್ತಿವೆ. ಮೂರನೆಯದು ದೀಪ ಹೊತ್ತು ಸುಮ್ಮನೆ ನಿಂತಿದೆ.

ಸ್ಟಿಲ್‌ವೆಲ್ ಅವೆನ್ಯೂ ನಿಲ್ದಾಣದಿಂದ ಹೊರಬಿದ್ದರೆ ಎದುರಿಗೇ 1916ರಿಂದ ಹಾಟ್‌ಡಾಗ್ ಮಾರುತ್ತಿರುವ ನೇಥನ್ಸ್ ಅಂಗಡಿ. ಎಣ್ಣೆಯಲ್ಲಿ ಕರಿದ ಆಲೂಗಡ್ಡೆಯ ವಾಸನೆಗೆ ಸಮುದ್ರದ ಉಪ್ಪುಗಾಳಿ ಬೆರೆತಿರುತ್ತದೆ. ಕೋನಿ ಐಲೆಂಡ್ ಹೆಸರಿಗೆ ದ್ವೀಪ. ನಡುವಿನ ಕಾಲುವೆಯನ್ನು ಒಂದಿಷ್ಟು ಮುಚ್ಚಿ ಎಂದೋ ಅದನ್ನು ಊರಿಗೆ ಅಂಟಿಸಿಬಿಟ್ಟಿದ್ದಾರೆ. ಈ ಮರಳದಂಡೆಯಲ್ಲೇ 1884ರಲ್ಲಿ ಲಮಾರ್ಕಸ್ ಥಾಂಪ್ಸನ್ ಎಂಬಾತ ಸ್ವಿಚ್‌ಬ್ಯಾಕ್ ರೈಲ್ವೆ ಎಂಬ ಆಟವನ್ನು ಹೂಡಿದ. ಜನ ಒಂದು ಅಟ್ಟಣೆ ಹತ್ತಿ ಬೆಂಚಿನಂಥ ಬಂಡಿಯಲ್ಲಿ ಅಡ್ಡಲಾಗಿ ಕೂರುವುದು, ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಆಚೆ ತುದಿಗೆ ಜಾರುವುದು, ಅಲ್ಲಿ ಇಳಿಯುವುದು. ಟಿಕೆಟ್ ಐದು ಸೆಂಟ್. ಇಂದಿನ ರೋಲರ್ ಕೋಸ್ಟರ್‌ಗಳಿಗೆಲ್ಲ ಹಿರಿಯಜ್ಜ ಅದೇ. ಆದರೆ ವರ್ಷ ತುಂಬುವುದರೊಳಗೆ ಸುತ್ತು ಹಾಕಿ ಹೊರಟಲ್ಲಿಗೇ ತಂದು ಬಿಡುವ ಹೊಸ ಬಂಡಿಗಳು ಬಂದವು. ಹಳೆಯದರ ಮುಂದಿನ ಸಾಲು ಕರಗಿತು. ಇಲ್ಲಿ ಮೊದಲು ಮುಪ್ಪಾದದ್ದೇ ಮೊದಲನೆಯದು.

ಜೊತೆಗೆ ಬಂದಿದ್ದವನು ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗ. ಅವನಿಗೆ ಈ ಜಾಗದ ಮೇಲೆ ಅಂಥ ಗೌರವವೇನೂ ಇರಲಿಲ್ಲ. "ಮಾಮ, ಇವೆಲ್ಲ ಅಜ್ಜಿ ಕಾಲದ್ದು. ನಮ್ಮ ಕಡೆ ಕಿಂಗ್ಡಾ ಕಾ ಇತ್ತಲ್ಲ, ಅದನ್ನ ನೋಡ್ಬೇಕಿತ್ತು ನೀವು" ಎಂದ. ಇತ್ತು, ನಿಜ. ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕಿನಲ್ಲಿ 2005ರಲ್ಲಿ ಶುರುವಾದ ಆ ಕೋಸ್ಟರ್ 456 ಅಡಿ ಎತ್ತರ, ಆಗ ಜಗತ್ತಿನಲ್ಲೇ ಎಲ್ಲಕ್ಕಿಂತ ಎತ್ತರ. ನಿಂತಲ್ಲಿಂದ ಮೂರೂವರೆ ಸೆಕೆಂಡಿನಲ್ಲಿ ಗಂಟೆಗೆ 200 ಕಿಲೋಮೀಟರ್ ದಾಟಿ ಮೇಲಕ್ಕೆ ಚಿಮ್ಮಿಸುತ್ತಿತ್ತು. 2024ರಲ್ಲಿ ಅದನ್ನು ನಿಲ್ಲಿಸಿದರು, 2025ರ ಫೆಬ್ರವರಿಯಲ್ಲಿ ಸ್ಫೋಟಕ ಇಟ್ಟು ಉರುಳಿಸಿದರು. ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಅಜ್ಜಿ ಕಾಲದ್ದು ಎಂದು ಅವನು ಮೂಗು ಮುರಿದ, ಆ ಬಿಳಿ ಹಂದರದ ಸೈಕ್ಲೋನ್ ಕೋಸ್ಟರ್ 1927ರಿಂದ ಇಲ್ಲೇ ಓಡುತ್ತಿದೆ. ಇದು ಯಾಕೆ ಹೀಗೆ ಎಂಬ ಪ್ರಶ್ನೆ ಇಟ್ಟುಕೊಂಡೇ ಈ ದಂಡೆಯ ಉದ್ದಕ್ಕೂ ನಡೆಯಬೇಕು.

ಸರ್ಫ್ ಅವೆನ್ಯೂ ಮತ್ತು ವೆಸ್ಟ್ 10ನೇ ಬೀದಿ ಕೂಡುವ ಮೂಲೆಯಲ್ಲಿ ಸೈಕ್ಲೋನ್ ನಿಂತಿದೆ. ಚೌಕಟ್ಟು ಉಕ್ಕಿನದು, ಹಳಿ ಮರದ್ದು. ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ ಬೋಲ್ಟ್ ಬಿಗಿದು, ಗಾಲಿ ಉರುಳುವ ಕಡೆ ಉಕ್ಕಿನ ಪಟ್ಟಿ ಹೊಡೆದಿದ್ದಾರೆ. ಒಂದು ರೈಲಿಗೆ ಮೂರು ಡಬ್ಬಿ, ಡಬ್ಬಿಗೆ ನಾಲ್ಕು ಸಾಲು, ಸಾಲಿಗೆ ಇಬ್ಬರು. ಮಡಿಲ ಮೇಲೆ ಇಬ್ಬರಿಗೂ ಸೇರಿ ಒಂದೇ ಸರಳು. ಪಕ್ಕದವರು ದಪ್ಪಗಿದ್ದರೆ ಸಣಕಲನ ಮಡಿಲಲ್ಲಿ ಗೇಣುದ್ದ ಜಾಗ ಖಾಲಿ. ಪ್ಲಾಟ್‌ಫಾರ್ಮಿನ ಮೇಲೆ ನಿಂತ ಆಳು ಉದ್ದನೆಯ ಲಿವರನ್ನು ಮೈಭಾರ ಹಾಕಿ ಎಳೆದರೆ ರೈಲು ನಿಲ್ಲುತ್ತದೆ, ಬಿಟ್ಟರೆ ಹೊರಡುತ್ತದೆ. ಗುಂಡಿ ಒತ್ತಿ ಕೈಕಟ್ಟಿ ನಿಲ್ಲುವ ಕೆಲಸ ಅಲ್ಲ ಅದು.

ಸರಪಳಿ ಡಬ್ಬಿಯನ್ನು ಕಚ್ಚಿಕೊಂಡು ಟಕಟಕ ಎಂದು ಮೇಲಕ್ಕೆ ಎಳೆಯುವಾಗ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬ್ರೂಕ್ಲಿನ್‌ನ ಇಟ್ಟಿಗೆ ಕಟ್ಟಡಗಳು. 85 ಅಡಿ ಎತ್ತರವೆಂದರೆ ಇವತ್ತಿನ ಲೆಕ್ಕದಲ್ಲಿ ಏನೂ ಅಲ್ಲ, ಬೆಂಗಳೂರಿನ ಸಾಧಾರಣ ಅಪಾರ್ಟ್‌ಮೆಂಟಿನಷ್ಟು. ಆದರೆ ತುದಿಯಲ್ಲಿ ಒಂದು ಕ್ಷಣ ಬಂಡಿ ತಡೆದಂತಾಗಿ ಮೂತಿ ಕೆಳಗೆ ಮಾಡಿದಾಗ ಮುಂದೆ ಹಳಿಯೇ ಕಾಣುವುದಿಲ್ಲ. ಆಮೇಲೆ ಯೋಚನೆಗೆ ಪುರುಸೊತ್ತಿಲ್ಲ. ಹೊಟ್ಟೆ ಮೇಲೆಯೇ ಉಳಿದು ಮೈ ಕೆಳಗೆ ಬಿದ್ದಿರುತ್ತದೆ, ಪೃಷ್ಠ ಸೀಟಿನಿಂದ ಎದ್ದಿರುತ್ತದೆ, ತಿರುವಿನಲ್ಲಿ ಪಕ್ಕದವರ ಮೊಣಕೈ ಪಕ್ಕೆಲುಬಿಗೆ ಬಡಿದಿರುತ್ತದೆ. ಅರ್ಧ ಮೈಲಿ ಉದ್ದ, ಹನ್ನೆರಡು ಇಳಿತ, ಗಂಟೆಗೆ ಸುಮಾರು 95 ಕಿಲೋಮೀಟರ್, ಎರಡು ನಿಮಿಷಕ್ಕೆ ಹತ್ತು ಸೆಕೆಂಡು ಕಡಿಮೆ. ಇಳಿದಾಗ ಅಕ್ಕನ ಮಗ ಕತ್ತು ಉಜ್ಜಿಕೊಳ್ಳುತ್ತ, "ಮಾಮ, ಇದು ಬಿದ್ದೇ ಹೋಗುತ್ತೆ ಅಂದ್ಕೊಂಡೆ" ಎಂದ. ಅವನ ಮಾತಿನಲ್ಲೇ ಅರ್ಧ ಉತ್ತರ ಇತ್ತು. ನುಣುಪಾದ ಉಕ್ಕಿನ ಕೋಸ್ಟರ್‌ನಲ್ಲಿ ಕೂತವನಿಗೆ ಎಂಜಿನಿಯರುಗಳ ಮೇಲೆ ನಂಬಿಕೆ ಇರುತ್ತದೆ. ಇಲ್ಲಿ ಪ್ರತಿ ಹಲಗೆಯೂ ಕಿರುಗುಟ್ಟುತ್ತದೆ. ಇದು ಹಳೆಯದು ಎಂಬ ಅಂಜಿಕೆಯೇ ಸೈಕ್ಲೋನ್‌ನ ಬಂಡವಾಳ. ಬಡ್ಡಿ ವರ್ಷ ವರ್ಷ ಏರುತ್ತಿದೆ.

ಹಾಗೆಂದು ಹಳತನವೊಂದೇ ಕಾಪಾಡುವುದಿಲ್ಲ. ಪ್ರತಿ ಚಳಿಗಾಲದಲ್ಲಿ ಗೇಟು ಮುಚ್ಚಿದ ಮೇಲೆ ಬಡಗಿಗಳು ಹತ್ತುತ್ತಾರೆ. ಸವೆದ ಹಲಗೆ ಕಿತ್ತು ಹೊಸದು ಹಾಕುತ್ತಾರೆ, ಬೋಲ್ಟ್ ಬಿಗಿಯುತ್ತಾರೆ, ಬಣ್ಣ ಬಳಿಯುತ್ತಾರೆ. 1927ರ ಮರ ಈಗ ಎಷ್ಟು ಉಳಿದಿದ್ದೀತು? ನಮ್ಮೂರ ತೇರಿಗೂ ಹಾಗೇ: ಒಂದು ವರ್ಷ ಅಚ್ಚು, ಇನ್ನೊಂದು ವರ್ಷ ಗಾಲಿ, ಮತ್ತೊಮ್ಮೆ ತೊಲೆ ಬದಲಾಗುತ್ತಲೇ ಇರುತ್ತದೆ, ರಥಬೀದಿಯಲ್ಲಿ ಯಾರೂ ಅದನ್ನು ಹೊಸ ತೇರು ಅನ್ನುವುದಿಲ್ಲ. ಕಿಂಗ್ಡಾ ಕಾ ಸೋತದ್ದು ಇಲ್ಲೂ ಹೌದು ಎಂದು ನನಗೆ ಅನ್ನಿಸುತ್ತದೆ. ಅದನ್ನು ಚಿಮ್ಮಿಸುತ್ತಿದ್ದ ಹೈಡ್ರಾಲಿಕ್ ಯಂತ್ರ ಆಗಾಗ ಕೈಕೊಡುತ್ತಿತ್ತು. ಸರಿಪಡಿಸುವುದು ಬಡಗಿಯ ಕೆಲಸವಾಗಿರಲಿಲ್ಲ. ಸೈಕ್ಲೋನ್ ಕೂಡ ಕೆಡದೇ ಏನಿಲ್ಲ. 2024ರ ಆಗಸ್ಟ್‌ನಲ್ಲಿ ಓಡುತ್ತಿದ್ದಾಗಲೇ ನಿಂತುಬಿಟ್ಟಿತು, ಸರಪಳಿ ತಿರುಗಿಸುವ ಹಲ್ಲುಗಾಲಿಯಲ್ಲಿ ಬಿರುಕು. ರಿಪೇರಿ ಮಾಡಿ ಮತ್ತೆ ಓಡಿಸಿದರು.

ಮರ, ಗ್ರೀಸ್, ಬಡಗಿ ಇದ್ದರೂ ಒಂದು ಸಲ ಅದು ಸಾಯುವುದರಲ್ಲಿತ್ತು. 1970ರ ದಶಕದ ಆರಂಭದಲ್ಲಿ ಸೈಕ್ಲೋನ್ ನಗರಾಡಳಿತದ ಕೈಯಲ್ಲಿತ್ತು, ದುಸ್ಥಿತಿಯಲ್ಲಿತ್ತು. ಕೆಡವಿ ಪಕ್ಕದ ಅಕ್ವೇರಿಯಂ ಹಿಗ್ಗಿಸುವ ಯೋಜನೆ ಇತ್ತು. ಅಭಿಮಾನಿಗಳು ಗದ್ದಲ ಎಬ್ಬಿಸಿದರು. ಪಕ್ಕದ ಆಸ್ಟ್ರೋಲ್ಯಾಂಡ್ ಪಾರ್ಕಿನವರು ಗುತ್ತಿಗೆಗೆ ಪಡೆದು ದುರಸ್ತಿ ಮಾಡಿ 1975ರಲ್ಲಿ ಮತ್ತೆ ತೆರೆದರು. 1988ರಲ್ಲಿ ನಗರವೇ ಅದನ್ನು ಸಂರಕ್ಷಿತ ಸ್ಮಾರಕವೆಂದು ಸಾರಿತು. ಕೆಡವಲು ಹೊರಟವರೇ ಕಾವಲಿಗೆ ನಿಂತರು.

ಸ್ಮಾರಕವೆಂಬ ಈ ಕಾಗದದ ಬೆಲೆ ಗೊತ್ತಾಗಬೇಕಾದರೆ ಪಶ್ಚಿಮಕ್ಕೆ ನಡೆಯಬೇಕು. ಅಲ್ಲಿ ಥಂಡರ್‌ಬೋಲ್ಟ್ ಎಂಬ ಇನ್ನೊಂದು ಕೋಸ್ಟರ್ ಇತ್ತು, 1925ರದ್ದು, ಸೈಕ್ಲೋನ್‌ಗಿಂತ ಎರಡು ವರ್ಷ ಹಿರಿದು. ಹಳಿಯ ಅಡಿಯಲ್ಲೇ ಒಂದು ಮನೆ. ವುಡಿ ಅಲೆನ್‌ರ 'ಆ್ಯನಿ ಹಾಲ್' ಚಿತ್ರದಲ್ಲಿ ನಾಯಕ ಬೆಳೆದದ್ದು ಅದೇ ಮನೆಯಲ್ಲಿ. 1982ರಲ್ಲಿ ಆಟ ನಿಂತಿತು, ಬಳ್ಳಿ ಹಬ್ಬಿತು, 2000ದ ನವೆಂಬರ್‌ನಲ್ಲಿ ನಗರಾಡಳಿತ ಕೆಡವಿಸಿತು. 2014ರಲ್ಲಿ ಅದೇ ಹೆಸರಿನ ಉಕ್ಕಿನ ಕೋಸ್ಟರ್ ಬಂದಿದೆ, ತಲೆಕೆಳಗು ಮಾಡುತ್ತದೆ, ಕಿತ್ತಳೆ ಬಣ್ಣದ್ದು, ಚೆನ್ನಾಗಿಯೇ ಇದೆ. ಹೆಸರೊಂದನ್ನು ಬಿಟ್ಟರೆ ಹಳೆಯದಕ್ಕೂ ಇದಕ್ಕೂ ಸಂಬಂಧವಿಲ್ಲ.

ಈ ಎರಡು ಕೋಸ್ಟರುಗಳ ನಡುವೆ ವಂಡರ್ ವೀಲ್. 1920ರದ್ದು, 150 ಅಡಿ, 24 ತೊಟ್ಟಿಲು. ದೂರದಿಂದ ನಮ್ಮ ದಸರಾ ವಸ್ತುಪ್ರದರ್ಶನದ ಜಾಯಂಟ್ ವೀಲೇ. ಸಾಲಿಗೆ ನಿಲ್ಲುವಾಗ ಮಾತ್ರ ಎರಡು ದಾರಿ: ಬಿಳಿಯ ಎಂಟು ತೊಟ್ಟಿಲುಗಳು ಅಂಚಿಗೆ ಅಂಟಿಕೊಂಡಿರುತ್ತವೆ, ಉಳಿದ ಹದಿನಾರು ತೂಗುವಂಥವು. ತೂಗುವುದೆಂದರೆ ಹಾವಿನಂತೆ ಬಳುಕಿದ ಹಳಿಯ ಮೇಲೆ ನಿಂತಿರುತ್ತವೆ. ಚಕ್ರ ತಿರುಗುತ್ತ ಹಳಿ ವಾಲಿದಾಗ ತೊಟ್ಟಿಲು ಇದ್ದಕ್ಕಿದ್ದಂತೆ ಒಳಗಿನಿಂದ ಅಂಚಿಗೆ ಉರುಳಿ ಹೋಗಿ ಆಕಾಶದಲ್ಲಿ ಓಲಾಡುತ್ತದೆ. ಮಕ್ಕಳು ಕಿರುಚಿ ನಗುತ್ತಾರೆ, ಹಿರಿಯರು ದೇವರನ್ನು ನೆನೆಯುತ್ತಾರೆ. ನೂರು ವರ್ಷ ದಾಟಿದರೂ ಈ ಉರುಳಾಟ ಬೇರೆಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ಇದನ್ನು ಉಳಿಸಿದ್ದು ಒಂದು ಸಂಸಾರ. ಡೀನೋಸ್ ವೂರ್ಡೆರಿಸ್ ಎಂಬ ಗ್ರೀಕ್ ವಲಸೆಗಾರ, ತಿಂಡಿ ಮಾರಿ ಬದುಕುತ್ತಿದ್ದವರು. ಮದುವೆಯಾಗು, ಈ ಚಕ್ರವನ್ನೇ ಕೊಂಡುಕೊಡುತ್ತೇನೆ ಎಂದು ಲೂಲಾ ಎಂಬಾಕೆಗೆ ಮಾತು ಕೊಟ್ಟಿದ್ದರಂತೆ, 1983ರಲ್ಲಿ ಕೊಂಡೇಬಿಟ್ಟರು. ಈಗಲೂ ನಡೆಸುತ್ತಿರುವುದು ಅವರ ಕುಟುಂಬವೇ. 1977ರ ಜುಲೈನಲ್ಲಿ ಇಡೀ ನ್ಯೂಯಾರ್ಕ್ ಕತ್ತಲಲ್ಲಿ ಮುಳುಗಿದಾಗ ಮೇಲೆ ಸಿಕ್ಕಿಬಿದ್ದವರನ್ನು ಈ ಚಕ್ರವನ್ನು ಕೈಯಿಂದ ತಿರುಗಿಸಿಯೇ ಇಳಿಸಿದ್ದರು. ಕರೆಂಟು ಹೋದರೂ ಮನುಷ್ಯನ ತೋಳಿಗೆ ಬಗ್ಗುವ ಯಂತ್ರಕ್ಕೆ ಆಯುಸ್ಸು ಜಾಸ್ತಿ.

ಇನ್ನು ಸತ್ತವುಗಳ ಕತೆ. 1903ರಲ್ಲಿ ಇಲ್ಲಿ ತೆರೆದ ಲೂನಾ ಪಾರ್ಕಿನ ದೊಡ್ಡ ಆಕರ್ಷಣೆ 'ಎ ಟ್ರಿಪ್ ಟು ದ ಮೂನ್'. ರೆಕ್ಕೆ ಬಡಿಯುವ ಹಡಗಿನಲ್ಲಿ ಜನರನ್ನು ಕೂರಿಸಿ, ಸುತ್ತಲಿನ ಪರದೆ ಸರಿಸಿ, ಚಂದ್ರನ ಮೇಲೆ ಇಳಿಸಿದ ಭ್ರಮೆ ಹುಟ್ಟಿಸುತ್ತಿದ್ದರು. ಅಲ್ಲಿ ಕುಳ್ಳ ಚಂದ್ರವಾಸಿಗಳು ಸ್ವಾಗತಿಸುತ್ತಿದ್ದರು. ಆಗ ಜನ ಮುಗಿಬಿದ್ದರು. ಇಂದು ಮನೆಯ ಟೀವಿಯಲ್ಲಿ ಚಂದ್ರಯಾನ ಇಳಿದದ್ದನ್ನು ಕಂಡ ನಮ್ಮ ಮಕ್ಕಳು ಅದಕ್ಕೆ ಆಕಳಿಸಿಯಾರು. ಲೂನಾ ಪಾರ್ಕಿನ ಎರಡೂವರೆ ಲಕ್ಷ ವಿದ್ಯುತ್ ಬಲ್ಬುಗಳೂ ಹಾಗೇ. ದೀಪ ನೋಡುವುದೇ ಒಂದು ತಮಾಷೆಯಾಗಿದ್ದ ಕಾಲ ಅದು. ಮನೆಮನೆಗೆ ಬಲ್ಬು ಬಂದ ಮೇಲೆ ಕಾಸು ಕೊಟ್ಟು ನೋಡುವವರು ಯಾರು? 1944ರ ಬೆಂಕಿ ಆ ಪಾರ್ಕನ್ನು ಮುಗಿಸಿತು.

ಇದೇ ದಂಡೆಯಲ್ಲಿ ಮಾರ್ಟಿನ್ ಕೌನಿ ಎಂಬವರು ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಇನ್‌ಕ್ಯುಬೇಟರಿನಲ್ಲಿಟ್ಟು ಟಿಕೆಟ್ ಹಾಕಿ ತೋರಿಸುತ್ತಿದ್ದರು. ಕೇಳಲು ಘೋರ. ಆದರೆ ತಂದೆತಾಯಿಯಿಂದ ಒಂದು ಕಾಸೂ ಪಡೆಯದೆ, ಟಿಕೆಟ್ಟಿನ ದುಡ್ಡಿನಲ್ಲೇ ಸಾವಿರಾರು ಕೂಸುಗಳನ್ನು ಬದುಕಿಸಿದರು. 1943ರ ಹೊತ್ತಿಗೆ ಆಸ್ಪತ್ರೆಗಳೇ ಆ ಕೆಲಸಕ್ಕೆ ಕೈಹಾಕಿದವು, ಪ್ರದರ್ಶನ ಮುಚ್ಚಿತು. ಆಕರ್ಷಣೆ ಕಳೆದುಕೊಂಡದ್ದಕ್ಕೆ ಸಂತೋಷಪಡಬೇಕಾದ ಆಟ ಇದೊಂದೇ ಇರಬೇಕು.

ಸುದ್ದಿಯನ್ನೋ ದಾಖಲೆಯನ್ನೋ ನೆಚ್ಚಿಕೊಂಡ ಆಟಕ್ಕೆ ಮುಂದಿನ ಸುದ್ದಿಯೇ ಮೃತ್ಯು. ಕತೆಯನ್ನು ನೆಚ್ಚಿದ್ದಕ್ಕೂ ಅಪಾಯ ತಪ್ಪಿದ್ದಲ್ಲ. ಡಿಸ್ನಿಯವರು ಅಮೆರಿಕದ ತಮ್ಮ ಪಾರ್ಕುಗಳಲ್ಲಿ ಸ್ಪ್ಲಾಷ್ ಮೌಂಟನ್ ಎಂಬ ನೀರಿನ ಜಾರಾಟವನ್ನು 2023ರಲ್ಲಿ ಮುಚ್ಚಿದರು. ಅದರ ಕತೆ ಬಂದದ್ದು ಕಪ್ಪು ಜನರನ್ನು ಚಿತ್ರಿಸಿದ ರೀತಿಗಾಗಿ ಟೀಕೆಗೊಳಗಾದ 1946ರ ಒಂದು ಸಿನಿಮಾದಿಂದ. ಮರುವರ್ಷ ಅದೇ ಕಾಲುವೆ, ಅದೇ ಇಳಿಜಾರಿಗೆ ರಾಜಕುಮಾರಿ ಟಿಯಾನಾಳ ಕತೆ ತೊಡಿಸಿ ತೆರೆದರು. ಕತೆಗೆ ವಯಸ್ಸಾಗಿತ್ತು, ಇಳಿಜಾರಿಗೆ ಆಗಿರಲಿಲ್ಲ.

ದಂಡೆಯ ಪಶ್ಚಿಮ ತುದಿಯ ಕೆಂಪು ಗೋಪುರದ ಹೆಸರು ಪ್ಯಾರಾಶೂಟ್ ಜಂಪ್. 1939ರ ವಿಶ್ವ ಮೇಳಕ್ಕೆ ಕಟ್ಟಿದ್ದು, 1941ರಲ್ಲಿ ಇಲ್ಲಿಯ ಸ್ಟೀಪಲ್‌ಚೇಸ್ ಪಾರ್ಕಿಗೆ ಬಂತು. 250 ಅಡಿ ಮೇಲಿಂದ ಜನ ಪ್ಯಾರಾಶೂಟಿನಲ್ಲಿ ಇಳಿಯುತ್ತಿದ್ದರು. ಗಾಳಿ ಜೋರಾದರೆ ಆಟ ಬಂದ್. ಸಮುದ್ರದಂಡೆಯಲ್ಲಿ ಗಾಳಿ ಜೋರಾಗದ ದಿನ ಯಾವುದು? ಮೇಲಾಗಿ ಒಂದೊಂದು ಪ್ಯಾರಾಶೂಟಿಗೂ ಮೂವರು ಆಳು. ಸ್ಟೀಪಲ್‌ಚೇಸ್ 1964ರಲ್ಲಿ ಮುಚ್ಚಿತು. ಮರುವರ್ಷ ಜಾಗ ಕೊಂಡವರು ಫ್ರೆಡ್ ಟ್ರಂಪ್, ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ತಂದೆ. ಅಪಾರ್ಟ್‌ಮೆಂಟ್ ಕಟ್ಟುವ ಲೆಕ್ಕಾಚಾರದಲ್ಲಿ 1966ರಲ್ಲಿ ಪಾರ್ಕಿನ ಮಂಟಪ ಕೆಡವಿದರು, ಅದಕ್ಕೊಂದು ಪಾರ್ಟಿ ಬೇರೆ ಇಟ್ಟು ಗಾಜಿನ ಮುಖಮಂಟಪಕ್ಕೆ ಅತಿಥಿಗಳಿಂದ ಇಟ್ಟಿಗೆ ಎಸೆಸಿದರು. ಮನೆ ಕಟ್ಟಲು ನಗರ ಒಪ್ಪಲಿಲ್ಲ. ಆಟವೂ ಹೋಯಿತು, ಮನೆಯೂ ಏಳಲಿಲ್ಲ. ಈಗ ಅಲ್ಲೊಂದು ಬೇಸ್‌ಬಾಲ್ ಮೈದಾನವಿದೆ.

ಗೋಪುರ ಮಾತ್ರ ಸ್ಮಾರಕವಾಗಿ ಉಳಿದಿದೆ, ರಾತ್ರಿ ಎಲ್‌ಇಡಿ ದೀಪಗಳಲ್ಲಿ ಬಣ್ಣ ಬದಲಿಸುತ್ತದೆ. ಜನ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನೋಡಲು ಸೊಗಸು. ಆದರೂ ನನ್ನ ಮಟ್ಟಿಗೆ ಅದು ಉಳಿದ ಆಟವಲ್ಲ, ಉಳಿದ ಕಬ್ಬಿಣ.

ಹೋಗುವವರಿಗೆ: ಮ್ಯಾನ್‌ಹ್ಯಾಟನ್‌ನಿಂದ ಡಿ, ಎಫ್, ಎನ್, ಕ್ಯೂ ಯಾವ ರೈಲು ಹತ್ತಿದರೂ ಕೊನೆಯ ನಿಲ್ದಾಣ ಇದೇ, ಹೆಚ್ಚು ಕಡಿಮೆ ಒಂದು ಗಂಟೆಯ ದಾರಿ. ದಂಡೆಗೆ ಪ್ರವೇಶ ಶುಲ್ಕವಿಲ್ಲ, ಆಟಕ್ಕಷ್ಟೇ ಟಿಕೆಟ್. ವಸಂತದಿಂದ ಅಕ್ಟೋಬರ್‌ವರೆಗೆ ಆಟಗಳಿರುತ್ತವೆ, ಚಳಿಗಾಲದಲ್ಲಿ ಬಹುತೇಕ ಇಲ್ಲ. ಸೈಕ್ಲೋನ್ ಹತ್ತಲು ನಾಲ್ಕೂವರೆ ಅಡಿ ಎತ್ತರ ಬೇಕು. ಬೆನ್ನು, ಕತ್ತು ನೋವಿದ್ದವರು ಹತ್ತಲೇಬೇಡಿ, ವಂಡರ್ ವೀಲಿನ ಬಿಳಿ ತೊಟ್ಟಿಲು ಸಾಕು. ಹಾಟ್‌ಡಾಗೋ ಆಲೂಗಡ್ಡೆಯೋ ತಿನ್ನುವುದಿದ್ದರೆ ಸೈಕ್ಲೋನಿನಿಂದ ಇಳಿದ ಮೇಲೆ ತಿನ್ನಿ.