ಸ್ಪಾಕ್‌ನ ಮಿದುಳು ಕದ್ದವರು ಯಾರು?

ಎಂಬತ್ತರ ದಶಕ, ಭಾನುವಾರ ಬೆಳಗ್ಗೆ, ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’. ಅದನ್ನು ನೋಡಿ ಬೆಳೆದ, ಚೆನ್ನೈನ ಕೀಲ್ಪಾಕ್‌ನ ಯಾವ ಕನ್ನಡದವರನ್ನಾದರೂ ಕೆಣಕಿ ನೋಡಿ: ಅತಿ ಕೆಟ್ಟ ಕಂತು ಯಾವುದು?

ಹೆಚ್ಚಿನವರ ಉತ್ತರ, 1968ರ ‘ಸ್ಪಾಕ್ಸ್ ಬ್ರೇನ್’. ಪರಗ್ರಹದ ಹೆಣ್ಣೊಬ್ಬಳು ಬಾಹ್ಯಾಕಾಶ ನೌಕೆಯ ಅಧಿಕಾರಿ ಸ್ಪಾಕ್‌ನ ಮಿದುಳನ್ನೇ ಎಗರಿಸುತ್ತಾಳೆ. ಉಳಿದ ದೇಹವನ್ನು ನೌಕೆಯವರು ರಿಮೋಟ್ ಒತ್ತಿ ನಡೆಸುತ್ತಾರೆ! ಕೊನೆಗೆ ಆಪರೇಷನ್ ಅರ್ಧದಲ್ಲಿರುವಾಗ ನೌಕೆಯ ಡಾಕ್ಟರ್ ಕೈಚೆಲ್ಲುತ್ತಾರೆ. ಮುಂದೇನು ಮಾಡಬೇಕೆಂದು ಮಲಗಿದಲ್ಲಿಂದ ಸ್ಪಾಕ್‌ನೇ ಹೇಳಿಕೊಡುತ್ತಾನೆ. ಕೀಲ್ಪಾಕ್ ಮೆಡಿಕಲ್ ಕಾಲೇಜಿನವರು ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು.

ಅತ್ಯುತ್ತಮ? ಅಲ್ಲಿ ಜಗಳ ಕಡಿಮೆ. 1967ರ ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’. ನೌಕೆಯ ಕ್ಯಾಪ್ಟನ್ ಕರ್ಕ್ 1930ರ ನ್ಯೂಯಾರ್ಕಿಗೆ ಹೋಗಿ ಈಡಿತ್‌ಳನ್ನು ಪ್ರೀತಿಸುತ್ತಾನೆ. ಅವಳು ಬದುಕಿದರೆ ಹಿಟ್ಲರ್ ಗೆಲ್ಲುತ್ತಾನೆ. ಲಾರಿ ನುಗ್ಗಿ ಬರುವಾಗ ಕಾಪಾಡಲು ಹೊರಟ ಡಾಕ್ಟರನ್ನು ಕರ್ಕ್‌ನೇ ಹಿಡಿದು ನಿಲ್ಲಿಸುತ್ತಾನೆ. ತನ್ನ ಕಥೆಯನ್ನು ತಿದ್ದಿದರೆಂದು ಲೇಖಕ ಹಾರ್ಲನ್ ಎಲಿಸನ್ ವರ್ಷಗಟ್ಟಲೆ ಕಿಡಿಕಾರಿದ. ಆದರೂ ಹ್ಯೂಗೊ ಪ್ರಶಸ್ತಿ ಬಂತು.

ನನ್ನ ತಕರಾರು ಇಷ್ಟೇ: ‘ಸ್ಪಾಕ್ಸ್ ಬ್ರೇನ್’ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತದೆ. ಆಕಳಿಕೆ ತರಿಸುವ ಕಂತುಗಳು ಮೂರನೇ ಸೀಸನ್‌ನಲ್ಲೇ ಬೇಕಾದಷ್ಟಿವೆ. ಬಜೆಟ್ ಕತ್ತರಿಸಿ, ಶುಕ್ರವಾರ ರಾತ್ರಿ ಹತ್ತಕ್ಕೆ ತಳ್ಳಿದ ಸೀಸನ್ ಅದು. ಕೆಟ್ಟದ್ದನ್ನು ಅಲ್ಲಿ ಹುಡುಕಿ, ಕಾಮೆಂಟಿನಲ್ಲಿ ಬೈಯಿರಿ.